ಐಸ್ ಪ್ಲಾಂಟಿನ ವ್ಯಾಲೆಂಟೈನರ ಬೆಂಕಿ ಖರೀದಿ

ಮೇ ತಿಂಗಳಲ್ಲಿ, ಕಾಪುವಿನಲ್ಲಿ, ಮನೆಯೊಳಗೆ ಉರಿಸುವುದಕ್ಕೆ ಬೆಂಕಿ ಬೇಕೆಂದು ಕೇಳುವ ಮನುಷ್ಯನ ಮೇಲೆ ಯಾರಿಗಾದರೂ ಸಿಟ್ಟು ಬರಬೇಕು. ಬಾರದಿದ್ದರೆ ಅವನ ಆರೋಗ್ಯದಲ್ಲಿ ಏನೋ ಐಬಿದೆ ಎಂದೇ ಅರ್ಥ. ಶಫೀಕನ ಆರೋಗ್ಯ ಗಟ್ಟಿಯಾಗಿಯೇ ಇತ್ತು. ಆದರೆ ಆ ತಿಂಗಳು ಅವನಿಗೆ ಸಿಟ್ಟು ಮಾಡಿಕೊಳ್ಳುವ ಹಕ್ಕು ಇರಲಿಲ್ಲ.

ಹಕ್ಕನ್ನು ಕಿತ್ತುಕೊಂಡವರು ಅವನ ಸೋದರಮಾವ ಜಮಾಲ್. ಕಟಪಾಡಿ ಜಂಕ್ಷನ್ನಿನಲ್ಲಿ ಅವರದ್ದು ಗ್ಯಾಸ್ ಒಲೆ, ಚಿಮಣಿ, ಗೀಸರುಗಳ ಅಂಗಡಿ. ಅಂಗಡಿಯಲ್ಲಿ ಕೂತು ಜೇನು ಸುರಿಸಿ ಮಾರುವುದು ಮಾವ. ಪಿಕಪ್ಪಿನಲ್ಲಿ ಹಾಕಿಕೊಂಡು ಹೋಗಿ ಮನೆಮನೆಯಲ್ಲಿ ಜೋಡಿಸುವುದು ಅಳಿಯ. ಜೋಡಿಸುವುದರಲ್ಲಿ ಶಫೀಕನನ್ನು ಮೀರಿಸುವವರಿರಲಿಲ್ಲ. ಜೋಡಿಸಿದ ಮೇಲೆ ಮನೆಯವರು ಬಾಯಿ ತೆರೆಯುತ್ತಿದ್ದರಲ್ಲ, ತೊಂದರೆ ಅಲ್ಲಿತ್ತು. ಹೂಡೆಯಲ್ಲಿ ಒಬ್ಬರು ಗೀಸರಿನ ನೀರು ಬಿಸಿಯಾಗಿದೆ ಎಂದು ದೂರು ಕೊಟ್ಟರು. ಮಣಿಪಾಲದ ಫ್ಲ್ಯಾಟೊಂದರ ಹೆಂಗಸು ಹೊಸ ಚಿಮಣಿ ಕೊಳೆಯಾಗದಿರಲೆಂದು ಅದಕ್ಕೆ ಸುತ್ತಲೂ ಪ್ಲಾಸ್ಟಿಕ್ ಕಟ್ಟಿಟ್ಟು, ಹೊಗೆ ಎಳೆಯುವುದಿಲ್ಲ ಎಂದು ಮೂರು ಸಲ ಫೋನು ಮಾಡಿದಳು. ಮೂರನೇ ಸಲ ಹೋದ ಶಫೀಕ ನಾಲ್ಕು ಮಹಡಿಗೂ ಕೇಳಿಸುವಂತೆ, "ನಿಮ್ಮ ಮೂಗಿಗೂ ಒಂದು ಪ್ಲಾಸ್ಟಿಕ್ ಕಟ್ಟಿ ಉಸಿರು ಎಳೆದು ನೋಡಿ ಮೇಡಂ" ಎಂದು ಹೇಳಿ ಬಂದಿದ್ದ.

ಮರುದಿನ ಜಮಾಲ್ ಅಂಗಡಿಯ ಎಲ್ಲರೆದುರು ತೀರ್ಪು ಕೊಟ್ಟರು.

"ಇನ್ನು ಒಂದು ಗಿರಾಕಿಯ ಮೇಲೆ ಸ್ವರ ಏರಿದರೆ ಹೊರಗಿನ ಕೆಲಸ ಬಂದ್. ಹಿಂದಿನ ಗೋಡೌನಿನಲ್ಲಿ ಕೂತು ಬರ್ನರ್ ಒರೆಸುವುದು. ಈ ಅಂಗಡಿಯಲ್ಲಿ ಕೆಲಸ ಮಾಡುವ ಎಲ್ಲರಿಗೂ ಇದೇ ರೂಲ್ಸ್. ತಂಗಿಯ ಮಗ ಅಂತ ಇಲ್ಲ, ನನ್ನ ಅಪ್ಪ ಎದ್ದು ಬಂದರೂ ಬಿಡುವುದಿಲ್ಲ. ಗೊತ್ತಾಯ್ತಾ ಮೋನೆ?"

ಗೋಡೌನಿಗೆ ಕಿಟಕಿ ಇರಲಿಲ್ಲ. ಶಫೀಕ ಒಂಬತ್ತನೇ ಕ್ಲಾಸಿನ ಅರ್ಧಕ್ಕೆ ಶಾಲೆಯಿಂದ ಎದ್ದು ಬಂದದ್ದು ಪಾಠ ತಲೆಗೆ ಹೋಗದೆ ಅಲ್ಲ, ಬೆಂಚಿನ ಮೇಲೆ ಕೂರಲಾಗದೆ. ನಾಲ್ಕು ಗೋಡೆಯ ನಡುವೆ ಅರ್ಧ ಗಂಟೆ ಕೂತರೆ ಅವನಿಗೆ ಕಾಲು ತುರಿಸುತ್ತಿತ್ತು, ಒಂದು ಗಂಟೆ ಕೂತರೆ ಪಕ್ಕದವನಿಗೆ ಹೊಡೆಯಬೇಕೆನಿಸುತ್ತಿತ್ತು. ಪಿಕಪ್ಪು, ಹೈವೇ, ಕಾಪುವಿನ ಕಡಲ ಗಾಳಿ, ದಿನಕ್ಕೆ ಐದು ಊರಿನ ಐದು ಚಾ, ಇಷ್ಟಿದ್ದರೆ ಅವನು ಮನುಷ್ಯ. ಇದನ್ನು ತೆಗೆದರೆ ಉಳಿಯುವುದು ಬರೀ ಸಿಟ್ಟು.

ಗೋಡೌನಿನಲ್ಲಿ ಇನ್ನೊಂದು ಸಂಕಟವೂ ಕೂತಿತ್ತು. ಎರಡು ವರ್ಷದ ಹಿಂದೆ ಘಟ್ಟದ ಮೇಲಿನ ಹೋಮ್‌ಸ್ಟೇಯವನೊಬ್ಬ ಮೂರು ನಮೂನೆಯ ಫೈರ್‌ಪ್ಲೇಸ್ ತರಿಸಿಕೊಡಲು ಹೇಳಿ, ಅವು ಬಂದ ದಿನ ಫೋನು ಸ್ವಿಚ್ ಆಫ್ ಮಾಡಿದ್ದ. ಕರಾವಳಿಯಲ್ಲಿ ಅವನ್ನು ಯಾರಿಗೆ ಮಾರುವುದು? ಬಂದವರೆಲ್ಲ ನೋಡಿ, ತಂದೂರಿ ಮಾಡ್ಲಿಕ್ಕೆ ಆಗ್ತದಾ ಎಂದು ಕೇಳಿ ಹೋಗುತ್ತಿದ್ದರು. ಹಾಗಿರುವಾಗ ಕಾಪುವಿನಿಂದ ವ್ಯಾಲೆಂಟೈನ್ ಎಂಬವರು ಫೋನು ಮಾಡಿ, ಹಾಲ್‌ನಲ್ಲಿ ಇಡುವ ಬೆಂಕಿ ಉಂಟಾ ಎಂದಾಗ ಜಮಾಲ್ ಕುರ್ಚಿಯಿಂದ ಎದ್ದು ನಿಂತು ಮಾತಾಡಿದರು. ಫೋನು ಇಟ್ಟ ಮೇಲೆ ಶಫೀಕನ ಹೆಗಲ ಮೇಲೆ ಕೈ ಹಾಕಿದರು.

"ಅವರು ಎಂತ ಹೇಳಿದರೂ ಮೊದಲು ಹೌದು ಅನ್ನು. ಎಲ್ಲಿಗೆ ಕರೆದರೂ ಹೋಗು. ಇದು ನಿನ್ನ ಪರೀಕ್ಷೆ ಅಂತ ತಿಳ್ಕೊ."

"ಪರೀಕ್ಷೆ ಬೇಡ ಅಂತಲೇ ಶಾಲೆ ಬಿಟ್ಟದ್ದು ಮಾಮ."

"ನೋಡು, ಸ್ವರ ಏರಿತು."

ಕಾಪುವಿನ ಮನೆಯ ಬಾಗಿಲು ತೆರೆದವರು ವ್ಯಾಲೆಂಟೈನರ ಹೆಂಡತಿ ರೋಸಲಿನ್ ಬಾಯಮ್ಮ. ಕೈಯಲ್ಲಿ ಇಗರ್ಜಿಯ ಹಳೇ ಪತ್ರಿಕೆ, ಅದರಿಂದ ಕುತ್ತಿಗೆಗೆ ಗಾಳಿ ಹಾಕಿಕೊಳ್ಳುತ್ತಿದ್ದರು. ಒಳಗೆ ಹಾಲ್‌ನಲ್ಲಿ ಫ್ಯಾನು ಐದರಲ್ಲಿ ತಿರುಗಿ ಸೀಲಿಂಗನ್ನೇ ಕಿತ್ತುಕೊಂಡು ಹೋಗುವಂತಿತ್ತು. ಅದರ ಅಡಿಯಲ್ಲಿ, ಊರವರು ಗೌರವದಿಂದ ಪೊರ್ಬುಗಳು ಎಂದು ಕರೆಯುವ ವ್ಯಾಲೆಂಟೈನರು ಸ್ವೆಟರು, ಮಂಗನ ಟೊಪ್ಪಿ, ಕಾಲಿಗೆ ಉಣ್ಣೆಯ ಸಾಕ್ಸು ಹಾಕಿ, ಮೇಲೆ ಶಾಲು ಹೊದ್ದು ಕೂತಿದ್ದರು. ಹೊರಗೆ ನಾಯಿಗಳು ಬಾವಿಕಟ್ಟೆಯ ಒದ್ದೆ ಬಿಡುವುದಿಲ್ಲ ಎಂದು ಹಟ ಹಿಡಿದು ಮಲಗಿದ್ದ ದಿನ ಅದು.

"ನೀನಾ ಬೆಂಕಿಯವನು?" ಎಂದು ಟೊಪ್ಪಿಯ ಒಳಗಿಂದ ಪ್ರಶ್ನೆ ಬಂತು.

"ಗ್ಯಾಸ್ ಕೆಲಸದವನು ಅಂಕಲ್."

"ಅದೇ ಆಯ್ತಲ್ಲ. ಬೇಗ ಹಚ್ಚು."

ವ್ಯಾಲೆಂಟೈನರು ಮಲ್ಪೆಯ ಐಸ್ ಪ್ಲಾಂಟಿನಲ್ಲಿ ಮೂವತ್ತೊಂದು ವರ್ಷ ದುಡಿದವರು. ಉಪ್ಪು ನೀರಿನ ಟ್ಯಾಂಕಿನ ಮೇಲೆ ನಿಂತು ಮಂಜುಗಡ್ಡೆಯ ಡಬ್ಬ ಎತ್ತಿಸುವುದು, ಅದನ್ನು ಪುಡಿ ಮಾಡಿಸಿ ಬೋಟಿಗೆ ತುಂಬಿಸುವುದು. ಮಲ್ಪೆಯ ಬೋಟುಗಳು ತಂದ ಅರ್ಧದಷ್ಟು ಬಂಗುಡೆ ತನ್ನ ಐಸಿನಲ್ಲೇ ಮಲಗಿ ಬಂದದ್ದು ಎಂದು ಅವರ ಹೆಮ್ಮೆ. ನಿವೃತ್ತಿಯಾದ ಮೇಲೆ ಆ ಮೂವತ್ತೊಂದು ವರ್ಷದ ಚಳಿ ಒಟ್ಟಿಗೇ ಹೊರಟು ಬಂದಿತ್ತು. ಡಾಕ್ಟರು ಪರೀಕ್ಷೆ ಮಾಡಿ, ಎಂತ ಇಲ್ಲ, ಬೆಚ್ಚಗೆ ಇರಿ ಎಂದಿದ್ದರು. ಆ ಮಾತನ್ನು ಅವರು ಔಷಧಿ ಚೀಟಿಯಂತೆ ಎದೆಗೆ ಕಟ್ಟಿಕೊಂಡಿದ್ದರು. ಬಾಯಮ್ಮನಿಗೋ ವರ್ಷದ ಹನ್ನೆರಡು ತಿಂಗಳೂ ಸೆಕೆ. ಫ್ಯಾನು ನಾಲ್ಕಕ್ಕೆ ಇಳಿದರೆ ಅವರಿಗೆ ಜೀವ ಹೋಗುತ್ತಿತ್ತು. ಐದಕ್ಕೆ ಏರಿದರೆ ಪೊರ್ಬುಗಳಿಗೆ ಹೋಗುತ್ತಿತ್ತು.

ಶಫೀಕ ಮೂರೂ ನಮೂನೆಯ ಚಿತ್ರ ತೋರಿಸಿದ. ಒಂದನೆಯದು ಗಾಜಿನದು. ಬೆಂಕಿ ಗಾಜಿನ ಹಿಂದೆ ಮುಚ್ಚಿದ ಪೆಟ್ಟಿಗೆಯಲ್ಲಿ ಉರಿಯುತ್ತದೆ, ಗೋಡೆಯಲ್ಲಿ ತೂತು ಕೊರೆದು ಹೊರಗೆ ಪೈಪು ಬಿಡಬೇಕು. ಎರಡನೆಯದು ತೆರೆದದ್ದು. ಪೈಪು ಬೇಡ, ತೂತು ಬೇಡ, ಕಿಟಕಿ ಸ್ವಲ್ಪ ತೆರೆದಿಟ್ಟರೆ ಸಾಕು. ಆದರೆ ಜೋರು ಗಾಳಿ ತಾಗಿದರೆ ಒಳಗಿನ ಸಣ್ಣ ಬತ್ತಿ ಆರಿ ಗ್ಯಾಸು ತನ್ನಷ್ಟಕ್ಕೆ ಬಂದ್ ಆಗುತ್ತದೆ. ಮೂರನೆಯದು ಕರೆಂಟಿನದು. ಅದರಲ್ಲಿ ಬೆಂಕಿ ಬರೀ ನೋಡಲಿಕ್ಕೆ.

"ನಿಮ್ಮ ಮನೆಗೆ ಗಾಜಿನದೇ ಆಗಬೇಕು ಆಂಟಿ. ಫ್ಯಾನು ಉಂಟಲ್ಲ, ತೆರೆದದ್ದು ನಿಲ್ಲುವುದಿಲ್ಲ."

"ಗಾಜಿನದಕ್ಕೆ ಗೋಡೆ ಒಡೆಯಬೇಕು ಅಲ್ವಾ?"

"ಒಂದು ತೂತು ಮಾತ್ರ."

ಯಾವ ಗೋಡೆ ಎಂದು ಹುಡುಕಿದರು. ಒಂದು ಗೋಡೆಯಲ್ಲಿ ಟಿವಿ. ಒಂದರಲ್ಲಿ ಬಾಗಿಲು, ಕಿಟಕಿ. ಇನ್ನೊಂದರ ತುಂಬ ಗಾಜಿನ ಕಪಾಟು, ಅದರೊಳಗೆ ಐಸ್ ಪ್ಲಾಂಟಿನವರು ಕೊಟ್ಟ ನೆನಪಿನ ಕಾಣಿಕೆಗಳು. ಅದನ್ನು ಒಂದು ಇಂಚು ಸರಿಸಿದರೂ ಪೊರ್ಬುಗಳು ಊಟ ಬಿಡುತ್ತಿದ್ದರು. ಉಳಿದದ್ದು ಅಲ್ತಾರಿನ ಗೋಡೆ. ಯೇಸು, ಮಾತೆ ಮರಿಯಮ್ಮ, ಎರಡು ಕಡೆ ಪುಟ್ಟ ಬಲ್ಬು, ಅದರ ಕೆಳಗೆ ಖಾಲಿ ಜಾಗ.

"ದೇವರ ಗೋಡೆಗೆ ತೂತು ಕೊರೆಯುವುದಾ?" ಬಾಯಮ್ಮ ಪತ್ರಿಕೆ ಬೀಸುವುದನ್ನು ನಿಲ್ಲಿಸಿದರು. "ಇದು ನಾವು ನೀವು ತೀರ್ಮಾನ ಮಾಡುವ ವಿಷಯ ಅಲ್ಲ. ಅತ್ತೂರಿಗೆ ಹೋಗಿ ಕೇಳಬೇಕು."

"ಅತ್ತೂರಿನಲ್ಲಿ ಯಾರಿಗೆ ಆಂಟಿ? ಅಲ್ಲಿ ಬೇರೆ ಅಂಗಡಿ ಉಂಟಾ?"

"ಸಂತ ಲಾರೆನ್ಸರಿಗೆ. ಅವರನ್ನು ಕಬ್ಬಿಣದ ಸಲಾಕೆಯ ಮೇಲೆ ಮಲಗಿಸಿ ಅಡಿಗೆ ಬೆಂಕಿ ಹಾಕಿದ್ದರಂತೆ. ಬೆಂಕಿಯ ವಿಷಯ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತುಂಟು?"

ಶಫೀಕ ಬಾಯಿ ತೆರೆದ. ಗೋಡೌನಿನ ಬಾಗಿಲು ಕಣ್ಣೆದುರು ಬಂತು. ಜೇಬಿಗೆ ಕೈ ಹಾಕಿದಾಗ ಅರ್ಧ ಇಂಚಿನ ರಬ್ಬರ್ ವಾಷರೊಂದು ಸಿಕ್ಕಿತು. ಅದನ್ನು ಹಿಂದಿನ ಹಲ್ಲುಗಳ ನಡುವೆ ಇಟ್ಟು ಗಟ್ಟಿಯಾಗಿ ಕಚ್ಚಿದ. ಬರಬೇಕಾದ ಮಾತಿನ ಬದಲು, "ಹೌದು ಆಂಟಿ" ಎಂಬುದು ಮೂಗಿನಿಂದ ಬಂತು.

ಮರುದಿನ ಶಿರ್ವ, ಬೆಳ್ಮಣ್ ದಾಟಿ ಕಾರ್ಕಳದ ಕಡೆಗೆ ಪಿಕಪ್ಪು ಹೊರಟಿತು. ಎಡ ಕಿಟಕಿಯಲ್ಲಿ ಬಾಯಮ್ಮ, ತಲೆಯ ಅರ್ಧ ಹೊರಗೆ. ನಡುವೆ ಪೊರ್ಬುಗಳು. ಆ ಪಿಕಪ್ಪಿನ ಎಂಜಿನು ಸೀಟಿನ ಅಡಿಯಲ್ಲೇ ಇತ್ತು. ಬೆಳ್ಮಣ್ ಮುಟ್ಟುವಾಗ ಸೀಟು ದೋಸೆ ಕಾವಲಿಯಾಗಿತ್ತು. ಶಫೀಕ ಒಂದು ಕುಂಡೆಯಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತ ಓಡಿಸಿದ. ಪೊರ್ಬುಗಳು ಎರಡು ವರ್ಷದಲ್ಲಿ ಮೊದಲ ಸಲ ಟೊಪ್ಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಆಹಾ. ಮಗಾ, ಇದನ್ನೇ ಹಾಲ್‌ನಲ್ಲಿ ಇಡ್ಲಿಕ್ಕೆ ಆಗ್ತದಾ?"

"ಪಿಕಪ್ಪನ್ನಾ ಅಂಕಲ್?"

"ಪೂರ್ತಿ ಬೇಡ. ಇಷ್ಟೇ ಭಾಗ."

ವಾಷರು ಇನ್ನಷ್ಟು ತೆಳ್ಳಗಾಯಿತು.

ಅತ್ತೂರಿನಲ್ಲಿ ಬಾಯಮ್ಮ ಮೂರು ಮೇಣದಬತ್ತಿ ಕೊಂಡರು. ಶಫೀಕನ ಕೈಯಲ್ಲೇ ಮೂರು ಚೀಟಿ ಬರೆಸಿದರು: ಗಾಜಿನದು, ತೆರೆದದ್ದು, ಕರೆಂಟಿನದು. ಇಗರ್ಜಿಯ ಹೊರಗೆ ಬತ್ತಿ ಹಚ್ಚುವ ಜಾಗದಲ್ಲಿ ಒಂದೊಂದು ಚೀಟಿಯ ಮೇಲೆ ಒಂದೊಂದು ಬತ್ತಿ ನಿಲ್ಲಿಸಿದರು. ಯಾವುದು ಕೊನೆಯವರೆಗೆ ಉರಿಯುತ್ತದೋ ಅದೇ ಸಂತರ ಆಯ್ಕೆ. ಹಚ್ಚಿ, ಕಣ್ಣು ಮುಚ್ಚಿ ಪ್ರಾರ್ಥನೆಗೆ ನಿಂತರು.

ಶಫೀಕ ಆಚೆ ಕಬ್ಬಿನ ಹಾಲಿನ ಗಾಡಿಯ ನೆರಳಲ್ಲಿ ಲೋಟ ಹಿಡಿದು ನೋಡುತ್ತಿದ್ದ. ಮಧ್ಯಾಹ್ನದ ಗಾಳಿ ಬೀಸಿ ಬೀಸಿ ಬರುತ್ತಿತ್ತು. ಗಾಜಿನ ಬತ್ತಿ ಮೂರು ನಿಮಿಷಕ್ಕೆ ಆರಿತು. ಕರೆಂಟಿನದು ಎರಡು ಸಲ ಬಗ್ಗಿ ಎದ್ದು, ಮೂರನೇ ಸಲ ಏಳಲಿಲ್ಲ. ನಡುವಿನ ಬತ್ತಿ ಮಾತ್ರ ನೆಟ್ಟಗೆ ಉರಿಯುತ್ತಿತ್ತು. ಯಾಕೆಂದರೆ ಇಳಿದ ಕೂಡಲೇ ಮತ್ತೆ ಚಳಿ ಹಿಡಿದಿದ್ದ ವ್ಯಾಲೆಂಟೈನ್ ಪೊರ್ಬುಗಳು ಹೆಂಡತಿ ಕಣ್ಣು ಮುಚ್ಚಿದ್ದೇ ತಡ ಎರಡೂ ಅಂಗೈಗಳನ್ನು ಅದರ ಸುತ್ತ ಹಿಡಿದು ಕಾಯಿಸಿಕೊಳ್ಳುತ್ತಿದ್ದರು. ತೂಫಾನು ಬಂದರೂ ನುಗ್ಗದಷ್ಟು ಭದ್ರವಾದ ಬಂದರು ಅದು.

ಬಾಯಮ್ಮ ಕಣ್ಣು ತೆರೆದು ಶಿಲುಬೆಯ ಗುರುತು ಮಾಡಿಕೊಂಡರು.

"ತೆರೆದದ್ದು."

ಶಫೀಕ ಲೋಟ ಇಟ್ಟು ಬಂದ. ಜೀವಮಾನದ ಎಲ್ಲ ವಿನಯವನ್ನೂ ಒಟ್ಟು ಮಾಡಿ ಹೇಳಿದ: "ಆಂಟಿ, ಅಂಕಲ್ ಅದಕ್ಕೆ ಮಾತ್ರ ಕೈ ಅಡ್ಡ ಹಿಡಿದಿದ್ದರು."

ಬಾಯಮ್ಮ ಗಂಡನ ಕಡೆಗೆ ನೋಡಿದರು. ಪೊರ್ಬುಗಳು ಕೈಗಳನ್ನು ಶಾಲಿನೊಳಗೆ ಎಳೆದುಕೊಂಡರು.

"ಅದು ಸರಿ ಮಗಾ. ಆದರೆ ಆ ಕೈಯನ್ನು ಅಲ್ಲಿ ಇಡಿಸಿದ್ದು ಯಾರು?"

ಶಫೀಕ ವಾಷರ್ ಬದಲಿಸಿದ.

ಹೀಗೆ ತೆರೆದದ್ದೇ ಅಲ್ತಾರಿನ ಕೆಳಗೆ ಬಂದು ಕೂತಿತು. ಮಣ್ಣಿನಿಂದ ಮಾಡಿದ ನಾಲ್ಕು ಸುಳ್ಳು ಕೊಳ್ಳಿ, ಅದರ ಸಂದಿನಿಂದ ಏಳುವ ನಿಜವಾದ ಜ್ವಾಲೆ. ಶಫೀಕ ಮೇಲೆ ಕಲ್ಲಿನ ಹಲಗೆ ಕೂರಿಸಿ, ಕಿಟಕಿ ತೆರೆದಿಡುವುದನ್ನು ಎರಡು ಸಲ ಹೇಳಿ, ಫ್ಯಾನು ಹಾಕಬಾರದೆಂದು ಮೂರು ಸಲ ಹೇಳಿ ಬಂದ. ಎರಡಕ್ಕೂ ಇಬ್ಬರೂ ತಲೆಯಾಡಿಸಿದರು. ತಲೆಯಾಡಿಸುವುದರಲ್ಲಿ ನಮ್ಮ ಜನರಿಗೆ ಖರ್ಚಿಲ್ಲ.

ಮರುದಿನ ಬೆಳಿಗ್ಗೆ ಎಂಟಕ್ಕೆ ಫೋನು. ಬೆಂಕಿ ಆರುತ್ತಿದೆ.

ಆದದ್ದು ಇಷ್ಟು. ಆ ಮನೆಯಲ್ಲಿ ಪ್ರತಿ ಸಂಜೆ ಏಳಕ್ಕೆ ಅಲ್ತಾರಿನೆದುರು ಮೊಣಕಾಲೂರಿ ತೇರ್ಸ್ ಹೇಳುವ ಕ್ರಮ. ಜಪಸರದ ಒಂದೊಂದು ಮಣಿಗೂ ಒಂದೊಂದು ಪ್ರಾರ್ಥನೆ. ಮೂವತ್ತೈದು ವರ್ಷದಿಂದ ಪೊರ್ಬುಗಳು ಎರಡನೇ ಹತ್ತು ಮಣಿಗೆ ತೂಕಡಿಸಿ, ನಾಲ್ಕನೆಯದಕ್ಕೆ ಗೊರಕೆ ಹೊಡೆದು, ಬಾಯಮ್ಮನ ಮೊಣಕೈಯಿಂದ ತಿವಿಸಿಕೊಂಡು ಆಮೆನ್ ಎನ್ನುತ್ತಿದ್ದವರು. ಈಗ ಅಲ್ತಾರಿನ ಕೆಳಗೆ ಬೆಂಕಿ. ಪೊರ್ಬುಗಳು ಅದರ ಮುಂದೆ ಮೊಣಕಾಲೂರಿ, ಅಷ್ಟೂ ಮಣಿ ಎಚ್ಚರದಿಂದ ಮುಗಿಸಿ, ಏಳಲಿಲ್ಲ. ತೀರಿಹೋದ ಅಪ್ಪ ಅಮ್ಮನಿಗೆ ಒಂದು ಪ್ರಾರ್ಥನೆ. ತೀರಿಹೋದ ಅಣ್ಣ ರೊಸಾರಿಯೊಗೆ ಒಂದು. ಐಸ್ ಪ್ಲಾಂಟಿನ ಹಳೇ ಮಾಲೀಕನಿಗೆ. ಐಸು ಕೊಂಡ ಬೋಟುಗಳಿಗೆ, ಒಂದೊಂದಕ್ಕೂ ಹೆಸರು ಹಿಡಿದು. ಬಾಯಮ್ಮನ ಬೆನ್ನಲ್ಲಿ ನೀರು ಇಳಿಯುತ್ತಿತ್ತು. ಗಂಡ ಪ್ರಾರ್ಥನೆ ಮಾಡುವುದಿಲ್ಲ ಎಂದು ಮೂವತ್ತೈದು ವರ್ಷ ದೂರಿದ ಹೆಂಗಸು, ಸಾಕು ನಿಲ್ಲಿಸಿ ಎಂದು ಯಾವ ಬಾಯಲ್ಲಿ ಹೇಳುವುದು? ಎದ್ದು ಹೋಗಿ ಫ್ಯಾನು ಐದಕ್ಕೆ ಹಾಕಿದರು. ಬೆಂಕಿ ಎರಡು ಸಲ ಕೆಮ್ಮಿ ಸತ್ತಿತು.

ಶಫೀಕ ಹೋಗಿ ನೋಡಿದ. ಹಚ್ಚಿದ. ಉರಿಯಿತು.

"ಫ್ಯಾನಿನಿಂದ ಆಂಟಿ."

"ಹೌದಾ? ಹಾಗಾದರೆ ನಾಲ್ಕರಲ್ಲಿ ಇಡ್ತೇನೆ."

ಎರಡನೇ ದಿನ ಮತ್ತೆ ಫೋನು. ಫ್ಯಾನು ನಾಲ್ಕರಲ್ಲಿತ್ತು. ಮೂರನೇ ದಿನ ಸೀಲಿಂಗಿನದು ಬಂದ್. ಅದರ ಬದಲು ಟೇಬಲ್ ಫ್ಯಾನು ಸ್ಟೂಲಿನ ಮೇಲೆ ಕೂತು ನೇರ ಬೆಂಕಿಗೆ ಮುಖ ಮಾಡಿತ್ತು. "ಇದು ಬೇರೆ ಫ್ಯಾನು ಅಲ್ವಾ," ಎಂದರು ಬಾಯಮ್ಮ. ನಾಲ್ಕನೇ ದಿನ ಎರಡೂ ಫ್ಯಾನು ಬಂದ್. ಎದುರು ಬಾಗಿಲು, ಹಿಂಬಾಗಿಲು ಎರಡೂ ತೆರೆದು ಕಾಪುವಿನ ಕಡಲ ಗಾಳಿಯನ್ನೇ ಪೂರ್ತಿ ಒಳಗೆ ಕರೆದುಕೊಂಡಿದ್ದರು. ಪ್ರತಿ ಸಲವೂ ಶಫೀಕ ಮೊಣಕಾಲೂರಿ ಹಚ್ಚಿದ. ಪ್ರತಿ ಸಲವೂ ಹೌದು ಆಂಟಿ, ಹೌದು ಅಂಕಲ್ ಎಂದ. ನಾಲ್ಕು ದಿನದಲ್ಲಿ ಅವನು ಏಳು ವಾಷರ್ ಜಗಿದಿದ್ದ. ಐದನೇ ದಿನ ಬೆಳಿಗ್ಗೆ ಫೋನು ಬಂದಾಗ ದವಡೆ ಬಾತು, ಮೆತ್ತಗಿನ ಅಕ್ಕಿಯುಂಡೆ ಪುಂಡಿಯನ್ನೂ ಅಗಿಯಲಾಗದೆ ಚಾದಲ್ಲಿ ಅದ್ದಿ ನುಂಗುತ್ತಿದ್ದ.

"ಮಾಮ, ಇವತ್ತು ಹೋದರೆ ನಾನು ಖಂಡಿತ ಗೋಡೌನಿಗೆ ಬರ್ತೇನೆ. ಕುರ್ಚಿ ಹಾಕಿಡಿ."

ಜಮಾಲ್ ನಕ್ಕರು. ಇಪ್ಪತ್ತೆರಡು ವರ್ಷ ಕೌಂಟರಿನ ಹಿಂದೆ ಕೂತವರ ನಗು ಅದು. ಕೌಂಟರಿನ ಹಿಂದೆ ಕೂತವರಿಗೆ ಜಗತ್ತಿನ ಜನರೆಲ್ಲ ಒಳ್ಳೆಯವರು. ಯಾಕೆಂದರೆ ಅವರು ಹತ್ತು ನಿಮಿಷದಲ್ಲಿ ಹೋಗಿಬಿಡುತ್ತಾರೆ.

"ಮಾತಾಡ್ಲಿಕ್ಕೆ ಗೊತ್ತಿಲ್ಲ ನಿಂಗೆ. ಬಾ, ನಾನೂ ಬರ್ತೇನೆ. ಹೇಗೆ ಅಂತ ನೋಡಿ ಕಲಿ."

ಬಿಳಿ ಅಂಗಿ ಇಸ್ತ್ರಿ ಮಾಡಿಸಿ, ಅತ್ತರು ಹಚ್ಚಿಕೊಂಡು ಜಮಾಲ್ ಕಾಪುವಿಗೆ ಬಂದರು. ಪೊರ್ಬುಗಳ ಪಕ್ಕದಲ್ಲೇ ಕೂತರು. ಬಾಯಮ್ಮ ಕೊಟ್ಟ ನಿಂಬೆ ಶರಬತ್ತನ್ನು ಹೊಗಳಿದರು. ಕಪಾಟಿನೊಳಗಿನ ಒಂದೊಂದು ಕಾಣಿಕೆಯ ಕಥೆಯನ್ನೂ ಕೇಳಿಸಿಕೊಂಡರು. ಆಮೇಲೆ ಮೆತ್ತಗೆ ವಿಷಯಕ್ಕೆ ಬಂದರು.

"ಪೊರ್ಬುಗಳೇ, ಬೆಂಕಿಗೆ ಗಾಳಿ ಆಗುವುದಿಲ್ಲ. ಒಂದು ಗಂಟೆ ಬೆಂಕಿ, ಒಂದು ಗಂಟೆ ಫ್ಯಾನು. ಹಂಚಿಕೊಂಡರೆ ಆಯ್ತಲ್ಲ?"

"ಆಯ್ತು," ಎಂದರು ಇಬ್ಬರೂ.

ಶಫೀಕ ಹಚ್ಚಿದ. ಪೊರ್ಬುಗಳು ಕುರ್ಚಿ ಎಳೆದುಕೊಂಡರು. ಐದು ನಿಮಿಷವಾಗಿರಲಿಲ್ಲ, ಬಾಯಮ್ಮ ಎದ್ದು ಫ್ಯಾನು ಹಾಕಿದರು.

"ಅವರ ಗಂಟೆ ಮುಗಿಯಲಿ ಬಾಯಮ್ಮ," ಜಮಾಲರ ಸ್ವರದಲ್ಲಿ ಜೇನು ಇನ್ನೂ ಇತ್ತು.

"ನನ್ನ ಗಂಟೆ ಮೊದಲು ಅಂತ ಅಂದುಕೊಂಡೆ."

ಬೆಂಕಿ ಆರಿತು. ಫ್ಯಾನು ಬಂದ್ ಮಾಡಿದರು. ಬೆಂಕಿ ಹಚ್ಚಿದರು. ಬಾಯಮ್ಮ ಬಾಗಿಲು ತೆರೆದರು. ಬೆಂಕಿ ಆರಿತು. ಬಾಗಿಲು ಹಾಕಿದರು. ಬೆಂಕಿ ಹಚ್ಚಿದರು. ಕರೆಂಟು ಹೋಗಿ ಬಂತು. ಫ್ಯಾನು ತನ್ನಷ್ಟಕ್ಕೆ ತಿರುಗಿತು, ಯಾಕೆಂದರೆ ಅದನ್ನು ಬಾಯಮ್ಮ ಕರೆಂಟಿಲ್ಲದಾಗ ಐದಕ್ಕೆ ತಿರುಗಿಸಿ ಇಟ್ಟಿದ್ದರು. ಹೀಗೆ ಒಂದೂವರೆ ಗಂಟೆ. ಜಮಾಲರ ಬಿಳಿ ಅಂಗಿ ಮೈಗೆ ಅಂಟಿ ಒಳಗಿನ ಬನಿಯನ್ನಿನ ತೂತುಗಳೆಲ್ಲ ಕಾಣುತ್ತಿದ್ದವು. ಅತ್ತರಿನ ವಾಸನೆ ಹೋಗಿ ಬೇರೆ ವಾಸನೆ ಬಂದಿತ್ತು. ಅವರ ದವಡೆಯ ಮೂಳೆ ಏಳುವುದನ್ನೂ ಇಳಿಯುವುದನ್ನೂ ಶಫೀಕ ಕಂಡ. ಆ ಮೂಳೆಯ ಪರಿಚಯ ಅವನಿಗಿತ್ತು. ಮೆಲ್ಲಗೆ ಹತ್ತಿರ ಹೋಗಿ ಮಾವನ ಅಂಗೈಗೆ ಒಂದು ವಾಷರ್ ಜಾರಿಸಿದ.

"ಇದು ಎಂತಕ್ಕೆ?" ಜಮಾಲ್ ಪಿಸುಗುಟ್ಟಿದರು.

"ಹಲ್ಲಿಗೆ ಮಾಮ. ಹಿಂದಿನ ಹಲ್ಲಿಗೆ."

ಜಮಾಲ್ ಅದನ್ನು ಮೇಜಿನ ಮೇಲಿಟ್ಟರು. ಅನುಭವಸ್ಥರು ಹೇಳಿದ್ದು ಕೇಳದಿದ್ದರೆ ಹೀಗೇ.

"ಸಾಹೇಬ್ರೇ," ಎಂದರು ಬಾಯಮ್ಮ ಬೆವರು ಒರೆಸಿಕೊಳ್ಳುತ್ತ, "ಬಿಸಿ ಇಲ್ಲದ ಬೆಂಕಿ ಇಲ್ವಾ? ನೋಡ್ಲಿಕ್ಕೆ ಇದು ಚಂದ ಉಂಟು. ಬಿಸಿ ಮಾತ್ರ ಬೇಡ."

"ನಂಗೆ ನೋಡ್ಲಿಕ್ಕೆ ಬೇಡ," ಎಂದರು ಪೊರ್ಬುಗಳು. "ಬಿಸಿ ಮಾತ್ರ ಸಾಕು."

"ಬಿಸಿ ನಿಮ್ಮ ಕುರ್ಚಿಯವರೆಗೆ ಬಂದು ನಿಲ್ಲಬೇಕು."

"ಗಾಳಿ ನಿನ್ನ ಕುರ್ಚಿಯಲ್ಲೇ ಇರಲಿ."

"ಅದೇ ಸಾಹೇಬ್ರೇ, ಎರಡೂ ಒಟ್ಟಿಗೆ ಇರುವಂಥದ್ದು ಒಂದು ಕೊಡಿ. ಇಲ್ಲದಿದ್ದರೆ ಇನ್ನೊಮ್ಮೆ ಅತ್ತೂರಿಗೆ ಹೋಗಿ ಬರುವ. ಈ ಸಲ ನೀವೂ ಬನ್ನಿ, ಪಿಕಪ್ಪಿನಲ್ಲಿ ಹಿಂದೆ ಜಾಗ ಉಂಟಲ್ಲ."

ಜಮಾಲ್ ಎದ್ದು ನಿಂತರು. ಏನೋ ಆಗಲಿದೆ ಎಂದು ಶಫೀಕನಿಗೆ ಮೊದಲೇ ತಿಳಿಯಿತು. ಆ ಜಾಗಕ್ಕೆ ಅವನು ಹಳಬ.

"ಮೂವತ್ತೊಂದು ವರ್ಷ ಐಸು ಮಾಡಿದ ಮನುಷ್ಯನಿಗೆ ಬೆಂಕಿ ಮಾರುವ ಗ್ರಹಚಾರ ನಂಗೆ ಯಾಕೆ ಬಂತು ಮಾರಾಯ್ರೇ," ಎಂದು ಶುರುವಾದ ಸ್ವರ ಸೀಲಿಂಗಿಗೆ ತಾಗಿ ಕೆಳಗೆ ಬಂತು. "ಒಬ್ಬರಿಗೆ ಚಳಿ, ಒಬ್ಬರಿಗೆ ಸೆಕೆ. ಒಬ್ಬರು ಹಚ್ಚುವುದು, ಒಬ್ಬರು ನಂದಿಸುವುದು. ನಿಮಗೆ ಬೇಕಾದ್ದು ಫೈರ್‌ಪ್ಲೇಸ್ ಅಲ್ಲ. ನಿಮ್ಮಿಬ್ಬರ ಮಧ್ಯೆ ಒಂದು ಗೋಡೆ. ಕಲ್ಲು ತನ್ನಿ, ನಾನೇ ಕಟ್ಟಿ ಕೊಡ್ತೇನೆ. ಆ ಕಡೆ ಮಲ್ಪೆಯ ಐಸ್ ಪ್ಲಾಂಟು, ಈ ಕಡೆ ಕಬಾಬಿನ ಒಲೆ. ಮಂಡೆಬಿಸಿ ಮಾಡಿ ಮಾಡಿ ನನ್ನನ್ನೇ ಬೇಯಿಸಿದ್ರಲ್ಲ ನೀವು. ನಾನೀಗ ಬೆಂದಿದ್ದೇನೆ. ಉಪ್ಪು ಹಾಕಿ ತಿನ್ನಿ."

ಪಕ್ಕದ ಮನೆಯ ಕಿಟಕಿ ತೆರೆದುಕೊಂಡಿತು. ಬಾವಿಕಟ್ಟೆಯ ನಾಯಿಗಳು ಎದ್ದು ನಿಂತವು. ಜಮಾಲ್ ಉಸಿರೆಳೆದುಕೊಳ್ಳುತ್ತ ಅಳಿಯನ ಕಡೆಗೆ ತಿರುಗಿದರು. ತಿರುಗಿದ ಮೇಲೆ ಅವರ ಮುಖದ ಬಣ್ಣ ನಿಧಾನಕ್ಕೆ ಬದಲಾಯಿತು.

"ಮಾಮ," ಎಂದ ಶಫೀಕ, ಜನ್ಮದಲ್ಲಿ ಮೊದಲ ಸಲ ಜೇನು ಅವನ ಬಾಯಿಂದಲೂ ಸುರಿಯಿತು, "ಸ್ವಲ್ಪ ಕೂತ್ಕೊಳ್ಳಿ. ಗಿರಾಕಿಗಳು ಇದ್ದಾರೆ."

ಬಾಯಮ್ಮ ಅಳುತ್ತಾರೆ, ಪೊರ್ಬುಗಳು ಹೊರಗೆ ನಡೆಯಿರಿ ಎನ್ನುತ್ತಾರೆ ಎಂದು ಅವನು ಕಾದ. ಬಾಯಮ್ಮ ಅಳಲಿಲ್ಲ. ಗೋಡೆ ಎಂಬ ಮಾತಿಗೇ ನಿಂತುಬಿಟ್ಟಿದ್ದರು.

"ಮಧ್ಯೆ ಗೋಡೆ ಇದ್ದರೆ ಫ್ಯಾನು ಹಾಕಬಹುದು ಅಲ್ವಾ?"

"ಹಾಕಬಹುದು ಆಂಟಿ," ಎಂದ ಶಫೀಕ. "ಕಲ್ಲಿನದು ಬೇಡ. ಬೆಂಕಿಗೂ ಗಾಳಿಗೂ ಮಧ್ಯೆ ಗಾಜು ಇದ್ದರೆ ಸಾಕು. ಅಂಕಲ್‌ರ ಕುರ್ಚಿ ಗಾಜಿನ ಹತ್ತಿರ, ನಿಮ್ಮದು ಫ್ಯಾನಿನ ಅಡಿ. ಐದರಲ್ಲೇ ಇಡಿ, ಆರು ಇದ್ದರೆ ಆರು."

"ಇದನ್ನು ಮೊದಲೇ ಹೇಳ್ಬಾರದಿತ್ತಾ ಮಗಾ?"

"ಮೊದಲ ದಿನವೇ ಹೇಳಿದ್ದೆ ಆಂಟಿ."

"ಹೇಳಿದ್ದು ಹೌದು. ಆದರೆ ನೀನು ಬಾಯಲ್ಲಿ ಎಂತದೋ ಇಟ್ಟುಕೊಂಡು ಎಲ್ಲದಕ್ಕೂ ಹೌದು ಆಂಟಿ ಹೌದು ಆಂಟಿ ಅಂದರೆ ನಂಗೆ ಹೇಗೆ ಗೊತ್ತಾಗುವುದು? ಸಾಹೇಬ್ರು ನೋಡು, ಹೇಳಬೇಕಾದ್ದನ್ನು ಬಿಡಿಸಿ ಹೇಳಿದರು."

"ಪ್ಲಾಂಟಿನ ಫೋರ್‌ಮ್ಯಾನ್ ಇಮ್ಯಾನುಯೆಲ್ ಹೀಗೇ ಬೊಬ್ಬೆ ಹೊಡೀತಿದ್ದ," ಎಂದರು ಪೊರ್ಬುಗಳು, ಸ್ವೆಟರಿನ ಮೇಲಿನ ಗುಂಡಿ ಬಿಚ್ಚುತ್ತ. "ಒಳ್ಳೆ ಮನುಷ್ಯ. ಕೇಳದೆ ತುಂಬ ದಿನ ಆಗಿತ್ತು."

ಅಲ್ತಾರಿನ ಗೋಡೆಗೆ ತೂತು ಕೊರೆಯುವ ವಿಷಯ ಮಾತ್ರ ಉಳಿಯಿತು. ಅದಕ್ಕೆ ಬಾಯಮ್ಮ ಒಂದು ನಿಮಿಷ ಅಲ್ತಾರಿನ ಎದುರು ನಿಂತು, ತಿರುಗಿ ಬಂದು, ನಾಳೆ ಹೇಳುತ್ತೇನೆ ಎಂದರು.

ಪಿಕಪ್ಪು ಹೈವೇಗೆ ಏರಿತು. ಬಿಸಿ ಸೀಟಿನ ಮೇಲೆ ಜಮಾಲ್ ಅಲುಗಾಡದೆ ಕೂತಿದ್ದರು. ಕಟಪಾಡಿಯ ಬಸ್ಸುಗಳ ಹಾರ್ನು ಇನ್ನೂ ಕೇಳಿಸುತ್ತಿರಲಿಲ್ಲ.

"ಮಾಮ."

"ಎಂತ."

"ಎಂತ ಇಲ್ಲ. ಅಪ್ಪ ಎದ್ದು ಬಂದರೂ ಬಿಡುವುದಿಲ್ಲ ಅಂದಿದ್ರಿ."

"ನಂಗೆ ಗೊತ್ತುಂಟು."

"ಎಲ್ಲರೆದುರು ಹೇಳಿದ್ದು."

"ನಂಗೆ ಗೊತ್ತುಂಟು ಅಂದೆನಲ್ಲ."

"ಸ್ವರ ಮಾಮ, ಸ್ವರ."

ಅಂಗಡಿಯ ಎದುರು ಇಳಿದ ಜಮಾಲ್ ಕೌಂಟರಿನ ಕಡೆಗೆ ನೋಡಲಿಲ್ಲ. ಕೆಟ್ಟದ್ದೋ ಒಳ್ಳೆಯದ್ದೋ, ಆಡಿದ ಮಾತಿಗೆ ನಿಲ್ಲುವ ಮನುಷ್ಯ ಅವರು. ಶಫೀಕನಿಗೆ ಅವರ ಮೇಲೆ ಪೂರ್ತಿ ಸಿಟ್ಟು ಬಾರದೆ ಇದ್ದದ್ದು ಆ ಒಂದು ಕಾರಣಕ್ಕೆ. ನೇರ ಹಿಂದೆ ಹೋಗಿ ಗೋಡೌನಿನ ಶಟರ್ ಎತ್ತಿ, ಒಳಗಿನ ಸ್ಟೂಲಿನ ಮೇಲೆ ಕೂತು, ಒಂದು ಬರ್ನರ್ ಎತ್ತಿಕೊಂಡು ಒರೆಸತೊಡಗಿದರು. ಅಂಗಡಿಯವರು ಒಬ್ಬೊಬ್ಬರಾಗಿ ಬಂದು ಇಣುಕಿ ಹೋದರು. ಸಂಜೆಯ ಹೊತ್ತಿಗೆ ಹನ್ನೊಂದು ಬರ್ನರ್ ಕನ್ನಡಿಯ ಹಾಗೆ ಹೊಳೆಯುತ್ತಿದ್ದವು. ಮಾವನಿಗೆ ಆ ಕೆಲಸ ಚೆನ್ನಾಗಿಯೇ ಹಿಡಿಸಿತ್ತು.

ಮರುದಿನ ಬೆಳಿಗ್ಗೆ ಶಫೀಕ ಪಿಕಪ್ಪಿಗೆ ಮಣಿಪಾಲದ ಎರಡು ಚಿಮಣಿ, ಹೂಡೆಯ ಒಂದು ಗೀಸರ್ ಏರಿಸಿ ಹಗ್ಗ ಬಿಗಿಯುತ್ತಿದ್ದಾಗ ಜೇಬಿನಲ್ಲಿ ಫೋನು ಕುಣಿಯಿತು. ರೋಸಲಿನ್ ಬಾಯಮ್ಮ.

"ಮಗಾ, ಗಾಜಿನದೇ ಆಗಲಿ. ತೂತು ಕೊರೆಯಬಹುದು, ನಾನು ಕೇಳಿ ಆಯ್ತು. ಇವತ್ತೇ ಬಾ."

"ಹನ್ನೊಂದಕ್ಕೆ ಬರ್ತೇನೆ ಆಂಟಿ."

"ಮತ್ತೆ ಒಂದು ವಿಷಯ. ನಿನ್ನ ಮಾವನನ್ನು ಕರ್ಕೊಂಡು ಬಾ. ಅಂಕಲ್ ಬೆಳಿಗ್ಗೆಯಿಂದ ಕೇಳ್ತ ಇದ್ದಾರೆ."

ಶಫೀಕ ಹಗ್ಗದ ಕೊನೆಯ ಗಂಟು ಎಳೆದು, ಗೋಡೌನಿನ ಕಡೆಗೆ ಒಮ್ಮೆ ನೋಡಿದ.

"ಅವರನ್ನು ಮನೆಗಳಿಗೆ ಕಳಿಸುವುದಿಲ್ಲ ಆಂಟಿ," ಎಂದ. "ಅವರಿಗೆ ಸ್ವಲ್ಪ ಸಿಟ್ಟು ಜಾಸ್ತಿ."